ಕೆಮ್ಮುವ ಕರುವಿಗೆ ಹಾಲು ನಿಲ್ಲಿಸಬೇಡಿ: ಉಸಿರಾಟದ ಸೋಂಕಿನಲ್ಲಿ ಪೋಷಣೆಯ ಪಾತ್ರ



ಆಷಾಢದ ಸೋನೆ ಮಳೆ ಹಿಡಿದಾಗ ಮತ್ತು ಧನುರ್ಮಾಸದ ಚಳಿ ಬಿದ್ದಾಗ ಸಂಘದ ಬಾಗಿಲಲ್ಲಿ ಕ್ಯಾನು ಹಿಡಿದು ನಿಂತ ಸದಸ್ಯರು ನಮ್ಮನ್ನು ಕಂಡೊಡನೆ ಹೇಳುವ ಮಾತು ಒಂದೇ: "ಡಾಕ್ಟ್ರೇ, ಕರು ಕೆಮ್ಮುತ್ತಿದೆ, ಬಂದು ಒಂದು ಇಂಜೆಕ್ಷನ್ ಹಾಕಿ ಹೋಗಿ." ಇಂಜೆಕ್ಷನ್ ಬೇಕು ನಿಜ. ಆದರೆ ಅದು ಚಿಕಿತ್ಸೆಯ ಅರ್ಧ ಭಾಗ ಮಾತ್ರ. ಉಳಿದರ್ಧ ಇರುವುದು ನಿಮ್ಮ ಕೊಟ್ಟಿಗೆಯ ಗೋದಲಿಯಲ್ಲಿ ಮತ್ತು ಕರುವಿನ ಮುಂದಿಡುವ ಬಕೆಟ್ಟಿನಲ್ಲಿ. ಈ ಪಾಠವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಒಂದು ಕರುವನ್ನು ಕಳೆದುಕೊಂಡ ಮೇಲೆ.

ನಾನು ಕೇಳದೇ ಬಿಟ್ಟ ಪ್ರಶ್ನೆ

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಒಬ್ಬ ಸದಸ್ಯೆಯ ಮನೆಯಲ್ಲಿ ಆರು ವಾರದ ಹೆಣ್ಣುಗರು. ಒಳ್ಳೆಯ ಮಿಶ್ರತಳಿ ಹಸುವಿನ ಕರು. ಅದು ಕರು ಹಾಕಿ ಹಾಲು ಕೊಡುವ ದಿನವನ್ನು ಆ ತಾಯಿ ಆಗಲೇ ಎಣಿಸುತ್ತಿದ್ದರು. ಕೆಮ್ಮು, ಮೂಗಿನಲ್ಲಿ ಸಿಂಬಳ, 105 ಡಿಗ್ರಿ ಜ್ವರ. ನ್ಯುಮೋನಿಯಾ ಎಂದು ಗುರುತಿಸಿ ಚುಚ್ಚುಮದ್ದು ಕೊಟ್ಟೆ. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಐದನೆಯ ದಿನ ಮತ್ತೆ ಏರಿತು. ಔಷಧ ಬದಲಿಸಿದೆ. ಒಂಬತ್ತನೆಯ ದಿನ ಕರು ಸತ್ತಿತು.

ಶವಪರೀಕ್ಷೆ ಮಾಡಿದೆ. ಶ್ವಾಸಕೋಶದ ಮುಂಭಾಗ ಗಟ್ಟಿಯಾಗಿ ಪಿತ್ತಜನಕಾಂಗದಂತೆ ಕೆಂಪಗಾಗಿತ್ತು. ಅದು ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಬೇರೆ. ಮೂತ್ರಪಿಂಡದ ಸುತ್ತ ಇರಬೇಕಾದ ಬಿಳಿ ಕೊಬ್ಬು ಪೂರ್ತಿ ಕರಗಿ ಅಂಟು ಲೋಳೆಯಂತಾಗಿತ್ತು. ಹೊಟ್ಟೆಯಲ್ಲಿ ನಾಲ್ಕು ಎಳೆ ರಾಗಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅದು ಹಸಿದ ಕರುವಿನ ಲಕ್ಷಣ.

"ಹಾಲು ಎಷ್ಟು ಕುಡಿಸುತ್ತಿದ್ದಿರಮ್ಮಾ?" ಎಂದು ಆಗ ಕೇಳಿದೆ. "ಜ್ವರ ಬಂದಾಗ ಹಾಲು ಕುಡಿಸಿದರೆ ಕಫ ಹೆಚ್ಚುತ್ತೆ ಅಂದರು ಡಾಕ್ಟ್ರೇ. ಅವತ್ತಿನಿಂದ ಹಾಲು ನಿಲ್ಲಿಸಿ ಬರೀ ಹುಲ್ಲು ಹಾಕಿದೆ" ಎಂದರು. ಅವರು ಕರುವಿನ ಒಳ್ಳೆಯದಕ್ಕೇ ಹಾಗೆ ಮಾಡಿದ್ದರು. ತಪ್ಪು ಅವರದಲ್ಲ. ಒಂಬತ್ತು ದಿನ ಅವರ ಮನೆಗೆ ಹೋಗಿ ಬಂದ ನಾನು ಒಂದು ದಿನವೂ ಆ ಪ್ರಶ್ನೆ ಕೇಳಿರಲಿಲ್ಲ. ಅಂದಿನಿಂದ ಯಾವ ಕೊಟ್ಟಿಗೆಗೆ ಹೋದರೂ ಥರ್ಮಾಮೀಟರ್ ತೆಗೆಯುವ ಮೊದಲು "ಏನು ತಿನ್ನುತ್ತಿದೆ, ಎಷ್ಟು ಕುಡಿಯುತ್ತಿದೆ" ಎಂದು ಕೇಳುತ್ತೇನೆ.

ಉರಿಯೂತ ಎಂದರೇನು?

ರೋಗಾಣುಗಳು ಶ್ವಾಸಕೋಶಕ್ಕೆ ಇಳಿದಾಗ ರಕ್ತದಲ್ಲಿರುವ ಬಿಳಿಕಣಗಳು ಅಲ್ಲಿಗೆ ಧಾವಿಸುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಆ ಭಾಗ ಕೆಂಪಾಗಿ ಊದಿಕೊಳ್ಳುತ್ತದೆ, ನೀರು ಒಸರುತ್ತದೆ, ಜ್ವರ ಬರುತ್ತದೆ. ಇದೇ ಉರಿಯೂತ. ಇದು ರೋಗವಲ್ಲ, ರೋಗದ ವಿರುದ್ಧ ದೇಹ ಹೂಡುವ ಹೋರಾಟ. ಆದರೆ ಒಲೆಯೊಳಗಿನ ಬೆಂಕಿ ಅನ್ನ ಬೇಯಿಸುತ್ತದೆ, ಒಲೆಯಿಂದ ಹೊರಬಿದ್ದರೆ ಮನೆಯನ್ನೇ ಸುಡುತ್ತದೆ. ಹಾಗೆಯೇ ಉರಿಯೂತ ಮಿತಿ ಮೀರಿದರೆ ಗಾಳಿ ತುಂಬಬೇಕಾದ ಶ್ವಾಸಕೋಶದ ಪುಟ್ಟ ಚೀಲಗಳಲ್ಲಿ ನೀರು ಮತ್ತು ಕೀವು ತುಂಬುತ್ತದೆ. ದನಗಳ ಶ್ವಾಸಕೋಶ ಅವುಗಳ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು. ಒಮ್ಮೆ ಹಾಳಾಗಿ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತಾಗುವುದು ಕಷ್ಟ. ಅಂಥ ಕರು ಬದುಕಿದರೂ ಬೆಳವಣಿಗೆ ಕುಂಠಿತವಾಗಿ, ಬೆದೆಗೆ ತಡವಾಗಿ ಬಂದು, ಮುಂದೆ ಹಾಲೂ ಕಡಿಮೆ ಕೊಡಬಹುದು.

ಪೋಷಣೆ ಎರಡು ಕೆಲಸ ಮಾಡುತ್ತದೆ. ಹೋರಾಡುವ ಬಿಳಿಕಣಗಳಿಗೆ ಶಕ್ತಿ ಕೊಡುತ್ತದೆ. ಹೋರಾಟ ಮುಗಿದ ಮೇಲೆ ಆ ಬೆಂಕಿಯನ್ನು ಆರಿಸಿ ಗಾಯ ಮಾಯಲು ನೆರವಾಗುತ್ತದೆ.

ಜ್ವರದ ಖರ್ಚಿನ ಲೆಕ್ಕ

ನೀವು ಹಾಲಿನ ಲೆಕ್ಕ ಬಲ್ಲವರು. ಈ ಲೆಕ್ಕವನ್ನೂ ನೋಡಿ. 40 ಕಿಲೋ ತೂಕದ ಕರುವಿಗೆ ಒಂದಿಷ್ಟೂ ಬೆಳೆಯದೆ, ಸುಮ್ಮನೆ ಜೀವ ಹಿಡಿದಿರಲು ದಿನಕ್ಕೆ ಸುಮಾರು ಎರಡೂವರೆ ಲೀಟರ್ ಹಾಲಿನ ಶಕ್ತಿ ಬೇಕು. ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಖರ್ಚು ಸುಮಾರು ಹತ್ತನೇ ಒಂದು ಭಾಗ ಹೆಚ್ಚುತ್ತದೆ. ಅಂದರೆ ಜ್ವರ 102ರಿಂದ 105.5 ಡಿಗ್ರಿ ಫ್ಯಾರನ್‌ಹೀಟಿಗೆ ಏರಿದಾಗ ಅದೇ ಕರುವಿಗೆ ಮೂರು ಲೀಟರ್ ಬೇಕಾಗುತ್ತದೆ. ಮೇಲೆ ಚಳಿ ಇದ್ದರೆ ಮೈ ಬೆಚ್ಚಗಿಡಲು ಇನ್ನಷ್ಟು ಬೇಕು. ಎಳೆಗರುವಿಗೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಹವೆಯೆಲ್ಲ ಚಳಿಯೇ.

ಖರ್ಚು ಏರಿದ ಈ ಹೊತ್ತಿನಲ್ಲೇ ಹಸಿವು ಇಳಿಯುತ್ತದೆ. ಉರಿಯೂತದಿಂದ ರಕ್ತಕ್ಕೆ ಬಿಡುಗಡೆಯಾಗುವ ಕೆಲವು ರಾಸಾಯನಿಕಗಳು ಮೆದುಳಿಗೆ ಹೋಗಿ ಹಸಿವನ್ನು ಅಡಗಿಸುತ್ತವೆ. ಆದಾಯ ಇಲ್ಲ, ಖರ್ಚು ಮಾತ್ರ. ಆಗ ಕರು ತನ್ನ ಗಂಟನ್ನು ಕರಗಿಸುತ್ತದೆ; ಮೊದಲು ಕೊಬ್ಬು, ಅದರ ಜೊತೆಗೇ ಮಾಂಸಖಂಡ. ಹೀಗಿರುವಾಗ ನಾವೇ ಹಾಲು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ಹಾಲು ಕುಡಿಯುವುದರಿಂದ ಶ್ವಾಸಕೋಶದಲ್ಲಿ ಕಫ ಹೆಚ್ಚುವುದಿಲ್ಲ. ಸರಿಯಾಗಿ ನುಂಗಿದ ಹಾಲು ಹೊಟ್ಟೆಗೇ ಹೋಗುತ್ತದೆ.

ಯಾವ ಪೋಷಕಾಂಶ ಏನು ಮಾಡುತ್ತದೆ?

ಸಸಾರಜನಕ: ರೋಗನಿರೋಧಕ ಕಣಗಳು, ಹೊಸ ಬಿಳಿಕಣಗಳು, ಗಾಯ ಮಾಯಿಸುವ ಅಂಗಾಂಶ ಎಲ್ಲವೂ ಸಸಾರಜನಕದಿಂದಲೇ ಆಗಬೇಕು. ಕರುವಿಗೆ ಹಾಲು ಮತ್ತು ಕರುಗಳ ಪಶು ಆಹಾರ, ದೊಡ್ಡ ದನಗಳಿಗೆ ಹಿಂಡಿ, ಸಮತೋಲನ ಪಶು ಆಹಾರ, ಅಲಸಂದೆ, ಕುದುರೆ ಮಸಾಲೆಯಂಥ ದ್ವಿದಳ ಮೇವು ಇದನ್ನು ಒದಗಿಸುತ್ತವೆ. ಬರೀ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲಿನಲ್ಲಿ ಇದು ತೀರಾ ಕಡಿಮೆ.

ಎ ಜೀವಸತ್ವ: ಮೂಗಿನಿಂದ ಶ್ವಾಸಕೋಶದವರೆಗೆ ಉಸಿರಿನ ದಾರಿಗೆ ತೆಳುವಾದ ಒದ್ದೆ ಪೊರೆಯಿದೆ. ಅದರ ಮೇಲಿನ ಸೂಕ್ಷ್ಮ ರೋಮಗಳು ಧೂಳನ್ನೂ ರೋಗಾಣುವನ್ನೂ ಹೊರಕ್ಕೆ ಗುಡಿಸುತ್ತಿರುತ್ತವೆ. ಎ ಜೀವಸತ್ವ ಕಡಿಮೆಯಾದರೆ ಈ ಪೊರೆ ಒಣಗಿ ಒರಟಾಗುತ್ತದೆ, ಗುಡಿಸುವ ಕೆಲಸ ನಿಲ್ಲುತ್ತದೆ. ಹಸಿರು ಮೇವಿನಲ್ಲಿರುವ ಕ್ಯಾರೊಟಿನ್‌ನಿಂದ ದನದ ದೇಹ ಈ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಿಸಿಲಿಗೆ ಬೆಳ್ಳಗಾದ ಬಣವೆಯ ಹುಲ್ಲಿನಲ್ಲಿ ಅದು ಉಳಿದಿರುವುದಿಲ್ಲ.

ಇ ಜೀವಸತ್ವ ಮತ್ತು ಸೆಲೆನಿಯಂ: ರೋಗಾಣುವನ್ನು ಕೊಲ್ಲಲು ಬಿಳಿಕಣಗಳು ಹೊರಬಿಡುವ ವಿಷ ಸುತ್ತಲಿನ ಒಳ್ಳೆಯ ಅಂಗಾಂಶಕ್ಕೂ ತಗಲುತ್ತದೆ. ಈ ಹಾನಿಯನ್ನು ತಡೆಯುವ ಜೋಡಿ ಇದು. ಇ ಜೀವಸತ್ವ ಎಳೆಯ ಹಸಿರು ಮೇವಿನಲ್ಲಿ ಹೇರಳ. ಸೆಲೆನಿಯಂ ಅತ್ಯಲ್ಪ ಸಾಕು, ಹೆಚ್ಚಾದರೆ ವಿಷ. ಆದ್ದರಿಂದ ಇವುಗಳ ಚುಚ್ಚುಮದ್ದನ್ನು ಪಶುವೈದ್ಯರ ಸಲಹೆಯಿಲ್ಲದೆ ಹಾಕಿಸಬೇಡಿ.

ಸತು ಮತ್ತು ತಾಮ್ರ: ಬಿಳಿಕಣಗಳು ಚುರುಕಾಗಿರಲು, ಗಾಯ ಮಾಯಲು ಇವು ಬೇಕು. ಬೆಳೆದ ದನಕ್ಕೆ ದಿನಕ್ಕೆ 50 ಗ್ರಾಂ, ಮೇವು ತಿನ್ನುವ ಕರುಗಳಿಗೆ 20ರಿಂದ 25 ಗ್ರಾಂ ಖನಿಜ ಮಿಶ್ರಣ ಕೊಟ್ಟರೆ ಸಾಕು. ಖಾಯಿಲೆ ಬಂದ ದಿನ ಒಂದು ಹಿಡಿ ಹಾಕಿದರೆ ಪ್ರಯೋಜನವಿಲ್ಲ, ದಿನವೂ ಕೊಡಬೇಕು. ನಮ್ಮ ಬೆಂಗಳೂರಿನಲ್ಲಿಯೇ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಆಯಾ ಪ್ರದೇಶದ ಮೇವಿನಲ್ಲಿ ಕಡಿಮೆ ಇರುವ ಖನಿಜಗಳನ್ನು ಗುರುತಿಸಿ, ಅದಕ್ಕೆ ತಕ್ಕ ಮಿಶ್ರಣಗಳನ್ನು ರೂಪಿಸುವ ಕೆಲಸ ಮಾಡಿದೆ.

ನೀರು: ಒಣಗಿದ ಕಫ ಹೊರಬರುವುದಿಲ್ಲ. ಜ್ವರದ ದನದ ಮುಂದೆ ಉಗುರು ಬೆಚ್ಚಗಿನ ಶುದ್ಧ ನೀರು ಹಗಲೂ ರಾತ್ರಿ ಇರಲಿ. ಕಲಗಚ್ಚು ನೀರಿಗೆ ಬದಲಿಯಲ್ಲ.

ರಕ್ಷಣೆ ಶುರುವಾಗುವುದು ಗಿಣ್ಣು ಹಾಲಿನಿಂದ

ಹಸುವಿನ ಗರ್ಭದಲ್ಲಿರುವಾಗ ಕರುವಿಗೆ ತಾಯಿಯ ರಕ್ತದಿಂದ ರೋಗನಿರೋಧಕ ಕಣಗಳು ದಾಟಿ ಬರುವುದಿಲ್ಲ. ಹುಟ್ಟಿದ ಕರು ಬರಿಗೈಯಲ್ಲಿ ಯುದ್ಧಕ್ಕಿಳಿದ ಸೈನಿಕನಿದ್ದಂತೆ. ಅದಕ್ಕೆ ಆಯುಧ ಸಿಗುವುದು ಗಿಣ್ಣು ಹಾಲಿನಿಂದ ಮಾತ್ರ. ಈ ಕಣಗಳನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿರುತ್ತದೆ, ಗಂಟೆಗಂಟೆಗೆ ಇಳಿಯುತ್ತದೆ, 24 ಗಂಟೆಯ ಹೊತ್ತಿಗೆ ಬಾಗಿಲು ಮುಚ್ಚುತ್ತದೆ.

ಆದ್ದರಿಂದ 30 ಕಿಲೋ ತೂಕದ ಕರುವಿಗೆ ಮೊದಲ ಎರಡು ಗಂಟೆಯೊಳಗೆ ಕನಿಷ್ಠ ಒಂದೂವರೆ ಲೀಟರ್, 12 ಗಂಟೆಯೊಳಗೆ ಇನ್ನೂ ಒಂದೂವರೆ ಲೀಟರ್ ಗಿಣ್ಣು ಹಾಲು ಹೊಟ್ಟೆ ಸೇರಲಿ. ಸತ್ತೆ ಬೀಳಲಿ ಎಂದು ಕಾಯಬೇಡಿ. ನೆರೆಹೊರೆಗೆ ಗಿಣ್ಣು ಹಂಚುವುದು ನಮ್ಮ ಒಳ್ಳೆಯ ಪದ್ಧತಿ, ಅದನ್ನು ಬಿಡಿ ಎನ್ನುವುದಿಲ್ಲ. ಮೊದಲ ಪಾಲು ಕರುವಿನದು, ಮಿಕ್ಕದ್ದು ನೆಂಟರದು. ಎರಡು ತಿಂಗಳಲ್ಲಿ ಬರುವ ನ್ಯುಮೋನಿಯಾದ ಬೇರು ಎಷ್ಟೋ ಸಲ ಈ ಮೊದಲ ದಿನದಲ್ಲೇ ಇರುತ್ತದೆ.

ಖಾಯಿಲೆ ಬಿದ್ದ ಕರುವಿಗೆ ಹೀಗೆ ಕುಡಿಸಿ, ತಿನ್ನಿಸಿ

1. ದಿನದ ಹಾಲನ್ನು ಕಡಿಮೆ ಮಾಡಬೇಡಿ. ಎರಡು ಹೊತ್ತಿನ ಬದಲು ಮೂರು ನಾಲ್ಕು ಹೊತ್ತಾಗಿ ಹಂಚಿ. 40 ಕಿಲೋ ಕರುವಿಗೆ ದಿನಕ್ಕೆ ನಾಲ್ಕು ಲೀಟರ್ ಎಂದರೆ ಹೊತ್ತಿಗೆ ಒಂದು ಲೀಟರ್.

2. ಹಾಲು ಆಗತಾನೆ ಕರೆದಷ್ಟು ಬೆಚ್ಚಗಿರಲಿ. ನಿಪ್ಪಲ್ ಬಾಟಲಿಯಲ್ಲಿ ಅಥವಾ ಬೆರಳು ಚೀಪಿಸಿ ಬಕೆಟ್ಟಿನಲ್ಲಿ ಕುಡಿಸಿ. ಪಾತ್ರೆ ಪ್ರತಿ ಸಲ ಬಿಸಿನೀರಲ್ಲಿ ತೊಳೆಯಿರಿ.

3. ಚೀಪುವ ಶಕ್ತಿಯೇ ಇಲ್ಲದಿದ್ದರೆ ಬಾಯಿಗೆ ಸುರಿಯಬೇಡಿ. ಕೂಡಲೇ ಪಶುವೈದ್ಯರನ್ನು ಕರೆಸಿ. ಅವರು ಕೊಳವೆಯ ಮೂಲಕ ಹೊಟ್ಟೆಗೇ ಹಾಲು ಮುಟ್ಟಿಸುತ್ತಾರೆ.

4. ಎರಡನೆಯ ವಾರದಿಂದಲೇ ಕರುಗಳ ಪಶು ಆಹಾರವನ್ನು ರುಚಿ ತೋರಿಸಿದ್ದರೆ, ಖಾಯಿಲೆಯಲ್ಲೂ ಒಂದು ಹಿಡಿ ತಾಜಾ ಇಡಿ. ತಿನ್ನದೇ ಬಿಟ್ಟದ್ದನ್ನು ಸಂಜೆ ತೆಗೆದು ಹೊಸದು ಹಾಕಿ.

5. ಕರುವನ್ನು ಒಣ ಹುಲ್ಲಿನ ಹಾಸಿಗೆಯ ಮೇಲೆ, ಗಾಳಿ ನೇರ ಬಡಿಯದ ಕಡೆ ಮಲಗಿಸಿ. ಮೈಗೆ ಗೋಣಿಚೀಲ ಹೊದಿಸಿ. ಮೈ ಬೆಚ್ಚಗಿಡಲು ಖರ್ಚಾಗುವ ಶಕ್ತಿ ರೋಗದೊಡನೆ ಹೋರಾಡಲು ಉಳಿಯುತ್ತದೆ.

6. ಜ್ವರ ಬಿಟ್ಟ ಮೇಲೂ ಎರಡು ಮೂರು ವಾರ ಇದೇ ಆರೈಕೆ ಮುಂದುವರಿಸಿ. ಜ್ವರ ಬೇಗ ಬಿಡುತ್ತದೆ, ಶ್ವಾಸಕೋಶ ಮಾಯುವುದು ನಿಧಾನ.

ಹಾಲು ಕರೆಯುವ ಹಸುವಿಗೆ

ಹಸುವಿನ ವಿಷಯದಲ್ಲಿ ನಮ್ಮ ತಪ್ಪು ಬೇರೆ ರೀತಿಯದು. ಕರುವಿಗೆ ನಿಲ್ಲಿಸುತ್ತೇವೆ, ಹಸುವಿಗೆ ತುರುಕುತ್ತೇವೆ. ನಾಲ್ಕು ದಿನ ಮೇವು ಬಿಟ್ಟ ಹಸು ಬಾಯಿ ಹಾಕಿತೆಂದರೆ ಸಂತೋಷಕ್ಕೆ ಅನ್ನ, ರಾಗಿ ಮುದ್ದೆ, ಹಿಟ್ಟಿನ ಗಂಜಿ ಬಕೆಟ್ಟುಗಟ್ಟಲೆ ಇಡುತ್ತೇವೆ. ಆದರೆ ಮೆಲುಕು ನಿಂತಾಗ ಹೊಟ್ಟೆಯೊಳಗಿನ ಉಪಕಾರಿ ಜೀವಾಣುಗಳು ಕ್ಷೀಣಿಸಿರುತ್ತವೆ. ಒಮ್ಮೆಲೇ ಬಂದ ಪಿಷ್ಟ ಪದಾರ್ಥ ಅಲ್ಲಿ ಹುಳಿಯೇರಿ ಹೊಟ್ಟೆಯ ಗೋಡೆಯನ್ನು ಸುಡುತ್ತದೆ. ಸತ್ತ ಜೀವಾಣುಗಳ ವಿಷ ರಕ್ತಕ್ಕೆ ಸೇರಿ ಉರಿಯೂತವನ್ನು ಮತ್ತೆ ಕೆರಳಿಸುತ್ತದೆ. ಆರುತ್ತಿದ್ದ ಬೆಂಕಿಗೆ ಎಣ್ಣೆ ಸುರಿದಂತೆ.

ಮೊದಲು ಎಳೆಯ ಹಸಿರು ಹುಲ್ಲು, ಅಲಸಂದೆ ಸೊಪ್ಪು, ಸ್ವಲ್ಪ ಒಣ ಮೇವು. ಒಂದೇ ಸಲ ರಾಶಿ ಹಾಕದೆ ದಿನಕ್ಕೆ ಐದಾರು ಬಾರಿ ಕೈತುಂಬ ಹಾಕಿ. ಮೆಲುಕು ಶುರುವಾದ ಮೇಲೆ ಪಶು ಆಹಾರವನ್ನು ಎಂದಿನ ಅರ್ಧದಿಂದ ಆರಂಭಿಸಿ, ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಏರಿಸದೆ, ವಾರ ಹತ್ತು ದಿನದಲ್ಲಿ ಪೂರ್ಣ ಪ್ರಮಾಣಕ್ಕೆ ಬನ್ನಿ. ಹಸು ಮೆಲುಕು ಹಾಕುತ್ತಿದೆಯೇ, ಸಗಣಿ ಸರಿಯಿದೆಯೇ ಎಂಬುದೇ ನಿಮಗೆ ಅಳತೆಗೋಲು.

ಗೊಟ್ಟ: ನಮ್ಮ ಕೈಯಾರೆ ತರುವ ನ್ಯುಮೋನಿಯಾ

ಇದನ್ನು ದಯವಿಟ್ಟು ಎರಡು ಸಲ ಓದಿ. ಮೇವು ಬಿಟ್ಟ ದನಕ್ಕೆ ಗಂಜಿ, ಕಷಾಯ, ಎಣ್ಣೆ ಗೊಟ್ಟದಲ್ಲಿ ಹಾಕುವುದು ನಮ್ಮಲ್ಲಿ ವಾಡಿಕೆ. ನಾಲಿಗೆ ಹಿಡಿದೆಳೆದು, ತಲೆ ಮೇಲೆತ್ತಿ ಸುರಿದಾಗ ಅದು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯಬಹುದು. ಮೊದಲೇ ಏದುಸಿರು ಬಿಡುತ್ತಿರುವ ದನ ನುಂಗುವ ನಡುವೆಯೇ ಉಸಿರೆಳೆದುಕೊಳ್ಳುತ್ತದೆ. ಶ್ವಾಸಕೋಶ ಸೇರಿದ ಗಂಜಿ ಅಲ್ಲೇ ಕೊಳೆಯುತ್ತದೆ. ಎಣ್ಣೆಯಂತೂ ಕೆಮ್ಮನ್ನೂ ಬರಿಸದೆ ಜಾರಿ ಆಳಕ್ಕೆ ಇಳಿಯುತ್ತದೆ. ಇದಕ್ಕೆ ಚಿಕಿತ್ಸೆ ಫಲಿಸುವುದು ಅಪರೂಪ. ಕರು ಹಾಕಿದ ಮೇಲೆ ಹಾಲು ಜ್ವರದಿಂದ ನೆಲ ಹಿಡಿದ ಹಸುವಿಗೆ ನುಂಗುವ ಶಕ್ತಿಯೇ ಇರುವುದಿಲ್ಲ. ಅದಕ್ಕೆ ಬಾಯಿಯಿಂದ ಏನನ್ನೂ ಹಾಕಬೇಡಿ.

ವೈದ್ಯರು ಹೇಳಿದ ಔಷಧ ಕುಡಿಸಲೇಬೇಕಾದಾಗ ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇರದಿರಲಿ. ನಾಲಿಗೆ ಬಿಟ್ಟುಬಿಡಿ. ದವಡೆಯ ಪಕ್ಕದಿಂದ ಗುಟುಕು ಗುಟುಕಾಗಿ ಹಾಕಿ. ಕೆಮ್ಮಿದ ಕೂಡಲೇ ನಿಲ್ಲಿಸಿ ತಲೆ ಇಳಿಬಿಡಿ.

ಬೂಷ್ಟು ಹಿಡಿದ ಮೇವು, ಮುಚ್ಚಿದ ಕೊಟ್ಟಿಗೆ

ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲನ್ನು ಕೊಡವಿದಾಗ ಏಳುವ ಧೂಳು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮತ್ತು ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ, ಹಾಲಿಗೂ ಇಳಿಯುತ್ತದೆ. ಅಂಥದ್ದನ್ನು ತಿಪ್ಪೆಗೆ ಹಾಕಿ, ದನಕ್ಕಲ್ಲ. ಚಳಿಯೆಂದು ಕೊಟ್ಟಿಗೆಯ ಕಿಂಡಿಗಳನ್ನೆಲ್ಲ ಮುಚ್ಚಿದರೆ ಗಂಜಲದ ಘಾಟು ತುಂಬಿ ಉಸಿರಿನ ದಾರಿಯನ್ನು ಸುಡುತ್ತದೆ. ಕುಕ್ಕರುಗಾಲಲ್ಲಿ ಕರುವಿನ ಮಟ್ಟಕ್ಕೆ ಕುಳಿತು ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಕರುವಿಗೂ ಉರಿಯುತ್ತಿದೆ.

ಮೇವಿನಿಂದ ಆಗದ ಕೆಲಸ

ಪೋಷಣೆ ಔಷಧಕ್ಕೂ ಲಸಿಕೆಗೂ ಬದಲಿಯಲ್ಲ. ಗಳಲೆ ರೋಗ ಬಂದರೆ ಗಂಟಲು ಊದಿ, ಗೊರಗೊರ ಸದ್ದಿನೊಡನೆ ಉಸಿರುಗಟ್ಟಿ, ಎಷ್ಟು ಪುಷ್ಟವಾದ ಎಮ್ಮೆಯಾದರೂ ಒಂದೆರಡು ದಿನದಲ್ಲೇ ಸಾಯಬಹುದು. ಅದಕ್ಕೆ ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಲಸಿಕೆ ಹಾಕಿಸುವುದೊಂದೇ ದಾರಿ.

ಬಾಯಿ ತೆರೆದು ಉಸಿರಾಡುವುದು, ಪಕ್ಕೆ ಹೊಡೆದುಕೊಳ್ಳುವುದು, 104 ಡಿಗ್ರಿಗೂ ಮೀರಿದ ಜ್ವರ, ಒಂದು ಹೊತ್ತು ಹಾಲು ಬಿಟ್ಟ ಕರು, ಒಂದು ದಿನ ಮೆಲುಕು ಹಾಕದ ಹಸು: ಇವುಗಳಲ್ಲಿ ಒಂದು ಕಂಡರೂ ಕಾಯದೆ ಪಶುವೈದ್ಯರಿಗೆ ತಿಳಿಸಿ, ಅಥವಾ 1962ಕ್ಕೆ ಕರೆ ಮಾಡಿ. ಜ್ವರ ಮತ್ತು ಉರಿಯೂತ ತಗ್ಗಿಸುವ ಔಷಧವನ್ನು ಅಂಗಡಿಯಿಂದ ತಂದು ನೀವೇ ಹಾಕಬೇಡಿ. ಡೈಕ್ಲೋಫೆನಾಕ್ ಅನ್ನು ದನಗಳಿಗೆ ಕೊಡುವುದು 2006ರಲ್ಲೇ ನಿಷೇಧವಾಗಿದೆ. ಆ ಔಷಧವಿರುವ ದನದ ಶವ ತಿಂದ ರಣಹದ್ದುಗಳು ಸಾಯುತ್ತವೆ. ವಾರಗಟ್ಟಲೆ ಕೆಮ್ಮುತ್ತಾ, ಚೆನ್ನಾಗಿ ತಿಂದರೂ ಸೊರಗುವ ಹಸುವಿಗೆ ಕ್ಷಯದ ಪರೀಕ್ಷೆ ಮಾಡಿಸಿ; ಅದರ ಹಾಲನ್ನು ಹಸಿಯಾಗಿ ಯಾರೂ ಕುಡಿಯಬಾರದು. ಚುಚ್ಚುಮದ್ದು ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.

ಸದಸ್ಯರು ಕೇಳುವ ಎರಡು ಪ್ರಶ್ನೆಗಳು

ನೆಗಡಿಯಾದ ಹಸುವಿಗೆ ನಿಂಬೆಹಣ್ಣು ಕೊಡಬೇಕೇ? ಬೇಕಿಲ್ಲ. ನಮಗೆ ಸಿ ಜೀವಸತ್ವ ಆಹಾರದಿಂದಲೇ ಬರಬೇಕು, ದನವು ತನಗೆ ಬೇಕಾದ್ದನ್ನು ಪಿತ್ತಜನಕಾಂಗದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ.

ಅರಿಶಿನ, ಬೆಲ್ಲ ಕೊಡಬಹುದೇ? ಸ್ವಲ್ಪ ಪ್ರಮಾಣದಲ್ಲಿ ಮೇವಿಗೆ ಬೆರೆಸಿ, ಹಸು ತಾನಾಗಿ ತಿಂದರೆ ತೊಂದರೆಯಿಲ್ಲ. ಆದರೆ ಅದನ್ನು ನಂಬಿ ವೈದ್ಯರನ್ನು ಕರೆಸುವುದನ್ನು ತಡ ಮಾಡಬೇಡಿ. ಗೊಟ್ಟದಲ್ಲಂತೂ ಬೇಡ.

ನೆನಪಿಡಿ

* ಎರಡು ಗಂಟೆಯೊಳಗೆ ಗಿಣ್ಣು ಹಾಲು.
* ಜ್ವರದಲ್ಲಿ ಕರುವಿನ ಹಾಲು ನಿಲ್ಲಿಸಬೇಡಿ, ಹಂಚಿ ಕುಡಿಸಿ.
* ದಿನವೂ ಹಸಿರು ಮೇವು, ಖನಿಜ ಮಿಶ್ರಣ.
* ಚೇತರಿಸಿಕೊಳ್ಳುವ ಹಸುವಿಗೆ ಅನ್ನ, ಮುದ್ದೆ ತುರುಕಬೇಡಿ.
* ಗೊಟ್ಟವನ್ನು ಅಟ್ಟಕ್ಕೆ ಹಾಕಿ.
* ಮಳೆಗೆ ಮುಂಚೆ ಗಳಲೆ ರೋಗದ ಲಸಿಕೆ.

"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ನಮ್ಮ ಹಿರಿಯರು ಹೇಳಿದರು. ದನಕ್ಕೆ ತನ್ನ ಊಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಅದರ ಪರವಾಗಿ ನಾವು ಬಲ್ಲವರಾಗಬೇಕು. ಆ ಸದಸ್ಯೆಯ ಮನೆಯಲ್ಲಿ ಮರುವರ್ಷ ಹುಟ್ಟಿದ ಕರುವಿಗೂ ಚಳಿಗಾಲದಲ್ಲಿ ಕೆಮ್ಮು ಬಂತು. ಅಂದು ನಾನು ಹೋಗುವ ಹೊತ್ತಿಗೆ ಅವರು ಗೋಣಿಚೀಲ ಹೊದಿಸಿ, ಕರುವಿನ ಬಾಯಿಗೆ ಬೆರಳು ಕೊಟ್ಟು ಬಕೆಟ್ಟಿನಲ್ಲಿ ಹಾಲು ಕುಡಿಸುತ್ತಾ ಕುಳಿತಿದ್ದರು. "ಬೆಳಿಗ್ಗೆಯಿಂದ ಇದು ಎರಡನೇ ಸಲ ಡಾಕ್ಟ್ರೇ" ಎಂದರು. ಐದು ದಿನದ ಚುಚ್ಚುಮದ್ದಿಗೆ ಆ ಕರು ಗುಣವಾಯಿತು. ಮುಂದೆ ಅದೇ ಕರು ಹಸುವಾಗಿ, ಅದರ ಹಾಲನ್ನು ಅವರು ಸಂಘಕ್ಕೆ ಹಾಕುವುದನ್ನೂ ನಾನು ಕಂಡೆ.